ಸಣ್ಣ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಓದುವುದು ಹೇಗೆ?

ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜು. ಬಯೋಕೆಮಿಸ್ಟ್ರಿಗೆ ಒಂದೇ ಲ್ಯಾಬು. ಅಲ್ಲಿ ಒಂದೋ ಎರಡೋ ಕಲರಿಮೀಟರ್, ಒಂದು ವಾಟರ್ ಬಾತ್, ಸಣ್ಣದೊಂದು ಸೆಂಟ್ರಿಫ್ಯೂಜ್, ಒಂದು ಫ್ರಿಜ್. ಪಾಠ ಮಾಡಲು ಇಬ್ಬರು ಅಥವಾ ಮೂವರು. ಕ್ಲಾಸಿನಲ್ಲಿ ಹದಿನೈದು-ಇಪ್ಪತ್ತು ಮಕ್ಕಳು. ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರವನ್ನು ಪುಸ್ತಕದ ಚಿತ್ರದಲ್ಲಿ ನೋಡಬೇಕು ಅಷ್ಟೇ. ಇಂಥ ಕಡೆ ಈ ವಿಷಯ ಓದಿ ಏನಾದರೂ ಆಗುತ್ತಾ ಅಂತ ಅಡ್ಮಿಷನ್ ಸಮಯದಲ್ಲಿ ಅಪ್ಪ-ಅಮ್ಮಂದಿರು ಕೇಳುತ್ತಾರೆ. ನಾನು ಇಂಥದ್ದೇ ಕಾಲೇಜಿನಲ್ಲಿ ಓದಿದವನು, ಇಂಥದ್ದೇ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವನು. ಆಗುತ್ತೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ದೊಡ್ಡ ಕಾಲೇಜಿನಲ್ಲಿ ಓದುವ ಹಾಗೆ ಇಲ್ಲಿ ಓದಿದರೆ ಆಗುವುದಿಲ್ಲ. ಇಲ್ಲಿ ಸಿಗುವುದು ಬೇರೆ, ಅದನ್ನು ಬಳಸಿಕೊಳ್ಳುವ ದಾರಿಯೂ ಬೇರೆ.

ಇಲ್ಲಿ ಸಿಗುವುದು ಏನು? ಕೈಗೆ ಕೆಲಸ. ಅರವತ್ತು ಜನರ ಬ್ಯಾಚಿನಲ್ಲಿ ನಾಲ್ಕು ಜನಕ್ಕೆ ಒಂದು ಟೆಸ್ಟ್ ಟ್ಯೂಬ್ ಸ್ಟ್ಯಾಂಡ್ ಕೊಟ್ಟರೆ ಇಬ್ಬರು ಮಾಡುತ್ತಾರೆ, ಇಬ್ಬರು ನೋಡುತ್ತಾರೆ. ಹದಿನೈದು ಜನ ಇದ್ದರೆ ಪ್ರತಿಯೊಬ್ಬರೂ ತಾವೇ ಅಳೆದು, ತಾವೇ ಬೆರೆಸಿ, ತಾವೇ ರೀಡಿಂಗ್ ತೆಗೆಯಬಹುದು. ಮೇಡಂ ಅಥವಾ ಸರ್ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತದೆ. ಈ ಮೂರನ್ನೂ ಪೂರ್ತಿ ಬಳಸಿಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನ.

ಸೇರುವ ಮೊದಲು

ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ರಿಯೇಜೆಂಟ್ (ಪ್ರಯೋಗಕ್ಕೆ ಬಳಸುವ ದ್ರಾವಣ) ಬಾಟಲಿಗಳ ಮೇಲೆ ತಯಾರಿಸಿದ ದಿನಾಂಕ ಬರೆದಿದೆಯಾ? ಸಿಂಕ್ ಒದ್ದೆ ಇದೆಯಾ? ಇದ್ದರೆ ಆ ಲ್ಯಾಬಿನಲ್ಲಿ ಕೆಲಸ ನಡೆಯುತ್ತಿದೆ ಎಂದು ಅರ್ಥ. ಎರಡನೇ, ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಪ್ರಾಕ್ಟಿಕಲ್ ಪ್ರತಿ ವಾರ ನಡೆಯುತ್ತಾ, ಪರೀಕ್ಷೆ ಹತ್ತಿರ ಬಂದಾಗ ಮಾತ್ರವಾ, ಕೇಳಿ. ಅತಿಥಿ ಉಪನ್ಯಾಸಕರು ಇದ್ದರೆ ಗಾಬರಿ ಬೇಡ, ಅವರಲ್ಲಿ ತುಂಬ ಒಳ್ಳೆಯವರಿದ್ದಾರೆ. ಆದರೆ ಸೆಮಿಸ್ಟರ್ ಶುರುವಾದ ಮೇಲೆ ಎಷ್ಟು ದಿನಕ್ಕೆ ನೇಮಕ ಆಗುತ್ತದೆ ಎಂದು ತಿಳಿದುಕೊಳ್ಳಿ.

ಕಾಂಬಿನೇಷನ್ ಆರಿಸುವಾಗ ಕೆಮಿಸ್ಟ್ರಿಯನ್ನು ಬಿಡಬೇಡಿ. ಬಯೋಕೆಮಿಸ್ಟ್ರಿ ಜೊತೆ ಕೆಮಿಸ್ಟ್ರಿ ಇದ್ದರೆ ಮುಂದೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ. ಬಿ.ಎಡ್. ಮಾಡಿ ಶಾಲೆಯಲ್ಲಿ ಪಾಠ ಮಾಡುವ ಆಸೆ ಇದ್ದರೆ, ನಿಮ್ಮ ಜೋಡಿ ವಿಷಯಗಳು ಶಿಕ್ಷಕರ ನೇಮಕಾತಿ ನಿಯಮಕ್ಕೆ ಹೊಂದುತ್ತವೆಯಾ ಎಂದು ಸೇರುವ ಮೊದಲೇ ನೋಡಿ. ಮೂರು ವರ್ಷ ಆದ ಮೇಲೆ ನೋಡಿದರೆ ಪ್ರಯೋಜನ ಇಲ್ಲ. ಇನ್ನೊಂದು ಮಾತು: ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ. ಹಾಗಾಗಿ ನಾಲ್ಕು ವರ್ಷದ ಪದ್ಧತಿಯಲ್ಲಿ ಓದಿದ ಸೀನಿಯರ್‌ಗಳ ಸಿಲಬಸ್, ಹಳೆ ಪ್ರಶ್ನೆಪತ್ರಿಕೆ ಹಾಗೆ ಹಾಗೇ ಹೊಂದುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ನಿಮ್ಮ ಬ್ಯಾಚಿನ ಸಿಲಬಸ್ ಇಳಿಸಿಕೊಳ್ಳಿ.

ಮೊದಲ ಸೆಮಿಸ್ಟರ್: ಲೆಕ್ಕ

ಬಯೋಕೆಮಿಸ್ಟ್ರಿ ಅಂದರೆ ಬಾಯಿಪಾಠ ಅಂತ ಬಹಳ ಮಕ್ಕಳು ಅಂದುಕೊಂಡು ಬರುತ್ತಾರೆ. ನಿಜವಾಗಿ ಎಡವುವುದು ಲೆಕ್ಕದಲ್ಲಿ. ಅದೂ ಕಷ್ಟದ ಲೆಕ್ಕ ಅಲ್ಲ. ಮೋಲಾರಿಟಿ (ಲೀಟರಿಗೆ ಎಷ್ಟು ಮೋಲ್), ಡೈಲ್ಯೂಷನ್ (ತೆಳು ಮಾಡುವುದು), ಪಿಎಚ್ (ಆಮ್ಲ-ಕ್ಷಾರದ ಅಳತೆ), ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ). ಈ ನಾಲ್ಕು ಬಂದರೆ ಮೂರು ವರ್ಷ ಲ್ಯಾಬಿನಲ್ಲಿ ತಲೆ ಎತ್ತಿ ಓಡಾಡಬಹುದು.

ಹೀಗೆ ಶುರು ಮಾಡಿ. 0.1 ಮೋಲಾರ್ ಉಪ್ಪಿನ ದ್ರಾವಣ 250 ಮಿ.ಲೀ. ಬೇಕು. ಸೋಡಿಯಂ ಕ್ಲೋರೈಡಿನ ಅಣುತೂಕ 58.44. ಅದನ್ನು 0.1ರಿಂದ ಗುಣಿಸಿ, ಮತ್ತೆ 0.25 ಲೀಟರಿನಿಂದ ಗುಣಿಸಿ. 1.461 ಗ್ರಾಂ. ಇಷ್ಟನ್ನು ತೂಗಿ, ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ವಾಲ್ಯೂಮೆಟ್ರಿಕ್ ಫ್ಲಾಸ್ಕಿನಲ್ಲಿ 250ರ ಗೆರೆಗೆ ನೀರು ತುಂಬಿಸಬೇಕು. 250 ಮಿ.ಲೀ. ನೀರಿಗೆ ಉಪ್ಪು ಹಾಕುವುದಲ್ಲ. ಎರಡಕ್ಕೂ ಇರುವ ವ್ಯತ್ಯಾಸ ನಿಮಗೆ ಥಟ್ಟನೆ ಹೊಳೆದರೆ ಸರಿ. ಹೊಳೆಯದಿದ್ದರೆ ಅವತ್ತೇ ಸರ್ ಹತ್ತಿರ ಹೋಗಿ ಕೇಳಿ. ಇದಕ್ಕೇ ಹೇಳಿದ್ದು, ಸಣ್ಣ ಕಾಲೇಜಿನಲ್ಲಿ ಸರ್ ಸಿಗುತ್ತಾರೆ.

ಅಟೆಂಡರ್ ಅಥವಾ ಲ್ಯಾಬ್ ಸಹಾಯಕರು ಪ್ರಾಕ್ಟಿಕಲ್‌ಗೆ ಮುಂಚೆ ರಿಯೇಜೆಂಟ್ ತಯಾರಿಸುತ್ತಾರಲ್ಲ, ಆಗ "ಅಣ್ಣ, ನಾನೂ ಬರ್ಲಾ?" ಅಂತ ಕೇಳಿ ಜೊತೆಗೆ ನಿಲ್ಲಿ. ಹತ್ತಿಪ್ಪತ್ತು ವರ್ಷ ಲ್ಯಾಬಿನಲ್ಲಿ ಕಳೆದವರು ಅವರು. ಯಾವ ದ್ರಾವಣ ಎಷ್ಟು ದಿನ ಇರುತ್ತದೆ, ಯಾವುದನ್ನು ಕಂದು ಬಾಟಲಿಯಲ್ಲಿ ಇಡಬೇಕು, ಬೆಂಕಿಯ ಹತ್ತಿರ ಯಾವುದು ಬರಬಾರದು, ಎಲ್ಲ ಗೊತ್ತಿರುತ್ತದೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ವಿಷಯ ಅಲ್ಲಿ ಕೈಗೆ ಹತ್ತುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಕಿವಿಮಾತು. ಇಂಗ್ಲಿಷ್ ಪಾಠವನ್ನು ಮೊದಲು ನಿಮ್ಮ ಮಾತಿನಲ್ಲಿ ಕನ್ನಡದಲ್ಲೇ ಬರೆದು ನೋಡಿ. ಕನ್ನಡದಲ್ಲಿ ಬರೆಯಲು ಬಂದರೆ ಅರ್ಥ ಆಗಿದೆ ಅಂತ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ. ಮೊದಲ ಎರಡು ಸೆಮಿಸ್ಟರ್ ಈ ಕೆಲಸ ಜಾಸ್ತಿ ಅನ್ನಿಸುತ್ತದೆ. ಮೂರನೇದಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ.

ಕಲರಿಮೀಟರ್ ಜೊತೆ ಸ್ನೇಹ

ಸಣ್ಣ ಲ್ಯಾಬಿನ ರಾಜ ಕಲರಿಮೀಟರ್. ಸಕ್ಕರೆ, ಪ್ರೋಟೀನು, ಡಿಎನ್‌ಎ, ಫಾಸ್ಫೇಟು, ಕ್ರಿಯಾಟಿನಿನ್, ಕಿಣ್ವದ ಚಟುವಟಿಕೆ ಎಲ್ಲವನ್ನೂ ಇದರಿಂದಲೇ ಅಳೆಯಬಹುದು. ಹಾಗಾಗಿ ಇದನ್ನು ಪೂರ್ತಿ ಅರ್ಥ ಮಾಡಿಕೊಳ್ಳಿ.

ಹಿಂದಿರುವ ಸಂಗತಿ ಸರಳ. ಬಣ್ಣದ ದ್ರಾವಣದ ಮೂಲಕ ಬೆಳಕು ಹೋದಾಗ ಒಂದಷ್ಟು ಹೀರಿಹೋಗುತ್ತದೆ. ಎಷ್ಟು ಹೀರಿತು ಎಂಬುದನ್ನು ಅಬ್ಸಾರ್ಬೆನ್ಸ್ ಎಂಬ ಲಾಗ್ ಅಳತೆಯಲ್ಲಿ ಹೇಳುತ್ತಾರೆ, ಆ ಅಳತೆ ವಸ್ತು ಎಷ್ಟಿದೆ ಎಂಬುದಕ್ಕೆ ನೇರ ಅನುಪಾತದಲ್ಲಿ ಇರುತ್ತದೆ. ಅಬ್ಸಾರ್ಬೆನ್ಸ್ 1 ಅಂದರೆ ಹಾಕಿದ ಬೆಳಕಿನಲ್ಲಿ ಶೇ. 10 ಮಾತ್ರ ಆಚೆ ಬಂತು. 2 ಅಂದರೆ ಶೇ. 1 ಮಾತ್ರ. ಅಷ್ಟು ಕಡಿಮೆ ಬೆಳಕನ್ನು ನಮ್ಮ ಸಾಧಾರಣ ಯಂತ್ರ ಸರಿಯಾಗಿ ಅಳೆಯಲಾರದು. ಆದ್ದರಿಂದ ರೀಡಿಂಗ್ 0.1ರಿಂದ 0.8ರ ಒಳಗೆ ಇರುವಂತೆ ನೋಡಿಕೊಳ್ಳಿ. 1.4 ಬಂದರೆ ಅದನ್ನು ರೆಕಾರ್ಡಿನಲ್ಲಿ ಬರೆದು ಸುಮ್ಮನಾಗಬೇಡಿ. ಸ್ಯಾಂಪಲನ್ನು ಡೈಲ್ಯೂಟ್ ಮಾಡಿ ಇನ್ನೊಮ್ಮೆ ಮಾಡಿ.

ಫಿಲ್ಟರ್ ಯಾಕೆ ಅದೇ ಹಾಕಬೇಕು ಎಂಬುದನ್ನೂ ಕೇಳಿಕೊಳ್ಳಿ. ಸಕ್ಕರೆ ಅಳೆಯುವ ಡಿಎನ್‌ಎಸ್‌ಎ ಪರೀಕ್ಷೆಯಲ್ಲಿ ಬರುವುದು ಕಿತ್ತಳೆ-ಕೆಂಪು ಬಣ್ಣ. ಅದು ಹಸಿರು ಬೆಳಕನ್ನು ಹೀರುತ್ತದೆ. ಆದ್ದರಿಂದ 540 ನ್ಯಾನೋಮೀಟರಿನ ಹಸಿರು ಫಿಲ್ಟರ್. ಪ್ರೋಟೀನಿನ ಲೋರಿ ಪರೀಕ್ಷೆಯಲ್ಲಿ ನೀಲಿ ಬಣ್ಣ, ಅಲ್ಲಿ 660ರ ಕೆಂಪು ಫಿಲ್ಟರ್.

ಗೊತ್ತಿರುವ ಪ್ರಮಾಣಗಳ ರೀಡಿಂಗಿನಿಂದ ಸ್ಟ್ಯಾಂಡರ್ಡ್ ಗ್ರಾಫ್ ಹಾಕುವಾಗ ಎಲ್ಲ ಚುಕ್ಕೆಗಳೂ ಗೆರೆಯ ಮೇಲೇ ಕೂರಬೇಕು ಎಂಬ ಹಟ ಬೇಡ. ನಿಮ್ಮ ಚುಕ್ಕೆ ಗೆರೆಯಿಂದ ದೂರ ಇದ್ದರೆ ಅದನ್ನು ಎಳೆದು ತಂದು ಕೂರಿಸುವ ಬದಲು ಆ ಟ್ಯೂಬನ್ನು ಮತ್ತೆ ಮಾಡಿ. ನೋಡಿ ಬರೆದ ರೀಡಿಂಗಿಗೆ ಹತ್ತಕ್ಕೆ ಹತ್ತು ಸಿಗಬಹುದು, ಕಲಿಕೆ ಸೊನ್ನೆ. ರಜೆಯ ಹಿಂದಿನ ದಿನ ಲ್ಯಾಬ್ ಖಾಲಿ ಇದ್ದಾಗ ಅನುಮತಿ ಕೇಳಿ ಒಂದೇ ಗ್ರಾಫನ್ನು ಮೂರು ಸಲ ಮಾಡಿ ನೋಡಿ. ನಿಮ್ಮ ಪಿಪೆಟ್ ಹಿಡಿತ ಎಷ್ಟು ಪಳಗಿದೆ ಎಂದು ಆ ಮೂರು ಗೆರೆಗಳೇ ತೋರಿಸುತ್ತವೆ.

ಈ ಲ್ಯಾಬಿನಲ್ಲಿ ನಮ್ಮವರ ಗುರುತೂ ಇದೆ. ಫಾಸ್ಫೇಟ್ ಅಳೆಯಲು ಇವತ್ತಿಗೂ ಬಿ.ಎಸ್ಸಿ. ಮಕ್ಕಳು ಮಾಡುವ ಫಿಸ್ಕೆ-ಸುಬ್ಬರಾವ್ ವಿಧಾನದ ಸುಬ್ಬರಾವ್, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1925ರಲ್ಲಿ ಹಾರ್ವರ್ಡಿನಲ್ಲಿ ಆ ವಿಧಾನ ಕಂಡುಕೊಂಡರು. ಬಣ್ಣ ಬರಿಸಿ ಅಳೆಯುವ ಈ ಸಾದಾ ದಾರಿಯಿಂದಲೇ ಮುಂದೆ ಸ್ನಾಯುವಿನಲ್ಲಿ ಶಕ್ತಿ ಹಿಡಿದಿಡುವ ಫಾಸ್ಫೋಕ್ರಿಯಾಟಿನ್, ಎಟಿಪಿಗಳ ಕಡೆಗೆ ಅವರು ಹೋದರು. ಆ ಪ್ರಾಕ್ಟಿಕಲ್ ಮಾಡುವ ದಿನ ಇದು ನೆನಪಿರಲಿ.

ಸುರಕ್ಷತೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬಾಯಲ್ಲಿ ಪಿಪೆಟ್ ಎಳೆಯುವುದು ಬೇಡವೇ ಬೇಡ, ರಬ್ಬರ್ ಬಲ್ಬ್ ಕೇಳಿ ಪಡೆಯಿರಿ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಅಲ್ಲ. ಕಾರ್ಬೋಹೈಡ್ರೇಟ್ ಪತ್ತೆಹಚ್ಚುವ ಮೋಲಿಷ್ ಪರೀಕ್ಷೆಯಲ್ಲಿ ಗಂಧಕಾಮ್ಲವನ್ನು ಟ್ಯೂಬಿನ ಗೋಡೆಗುಂಟ ಇಳಿಸಿ, ಟ್ಯೂಬಿನ ಬಾಯಿ ಯಾರ ಮುಖದ ಕಡೆಗೂ ಇರಬಾರದು. ಕನ್ನಡಕ, ಉದ್ದ ತೋಳಿನ ಏಪ್ರನ್, ಮುಚ್ಚಿದ ಚಪ್ಪಲಿ. ಕಾಲೇಜು ಕೇಳದಿದ್ದರೂ ನೀವು ಹಾಕಿಕೊಳ್ಳಿ.

ಒಂದು ಪ್ರಾಜೆಕ್ಟ್, ಪೂರ್ತಿಯಾಗಿ: ಮೊಳಕೆ ರಾಗಿಯ ಅಮೈಲೇಸ್

ನನ್ನ ಪ್ರಕಾರ ಸಣ್ಣ ಕಾಲೇಜಿನ ಮಕ್ಕಳು ಮಾಡಬೇಕಾದ ಅತಿ ಮುಖ್ಯ ಕೆಲಸ ಇದು. ಹತ್ತು ಪ್ರಯೋಗ ಅರ್ಧಂಬರ್ಧ ಮಾಡುವುದಕ್ಕಿಂತ ಒಂದನ್ನು ತುದಿಮುಟ್ಟ ಮಾಡುವುದು. ರಾಗಿ ಎಲ್ಲ ಕಡೆ ಸಿಗುತ್ತದೆ, ಬೇಕಾದ ರಿಯೇಜೆಂಟುಗಳು ನಿಮ್ಮ ಲ್ಯಾಬಿನಲ್ಲಿ ಇರುತ್ತವೆ, ಪ್ರಶ್ನೆಯೂ ನಿಜವಾದ ಪ್ರಶ್ನೆ.

ಮಕ್ಕಳಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ಮೊಳಕೆ ಬರಿಸುತ್ತಾರಲ್ವಾ. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ಕತ್ತರಿಸುತ್ತದೆ, ಗಂಜಿ ತೆಳುವಾಗುತ್ತದೆ. ತೆಳುವಾದ್ದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು, ಮಗುವಿಗೆ ಒಂದು ಬಟ್ಟಲಿನಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಪ್ರಶ್ನೆ: ಎಷ್ಟು ಗಂಟೆ ಮೊಳಕೆ ಬರಿಸಿದರೆ ಕಿಣ್ವ ಅತಿ ಹೆಚ್ಚು?

ಮೊದಲ ಹೆಜ್ಜೆ, ಕಾಲದ ಹೊಂದಾಣಿಕೆ. ಎಲ್ಲ ಸ್ಯಾಂಪಲ್‌ಗಳನ್ನೂ ಒಂದೇ ದಿನ, ಒಂದೇ ರಿಯೇಜೆಂಟಿನಲ್ಲಿ ಪರೀಕ್ಷಿಸಬೇಕು. ಸೋಮವಾರ ಸಂಜೆ ಒಂದು ಪಾಲು ನೆನೆಹಾಕಿ, ಮಂಗಳವಾರ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಶುಕ್ರವಾರ ಬೆಳಿಗ್ಗೆಗೆ ಅದು 72 ಗಂಟೆಯ ಮೊಳಕೆ. ಮಂಗಳವಾರ ಸಂಜೆ ನೆನೆಹಾಕಿದ್ದು 48 ಗಂಟೆಯದು, ಬುಧವಾರದ್ದು 24 ಗಂಟೆಯದು, ಗುರುವಾರದ್ದು ಬರೀ ನೆನೆದದ್ದು. ಇವುಗಳ ಜೊತೆ ಒಣ ರಾಗಿಯದೂ ಒಂದು ಪಾಲು.

ಎರಡನೇದು, ತೂಕ. ಮೊಳಕೆ ಕಾಳಿನಲ್ಲಿ ನೀರು ತುಂಬಿರುತ್ತದೆ. ಆಮೇಲೆ 2 ಗ್ರಾಂ ತೂಗಿದರೆ ಒಂದರಲ್ಲಿ ರಾಗಿ ಹೆಚ್ಚು, ಇನ್ನೊಂದರಲ್ಲಿ ನೀರು ಹೆಚ್ಚು ಆಗಿಬಿಡುತ್ತದೆ. ನೆನೆಹಾಕುವ ಮೊದಲೇ ಒಣ ರಾಗಿ 2 ಗ್ರಾಂ ತೂಗಿ ಪ್ರತ್ಯೇಕ ಗಂಟು ಕಟ್ಟಿ. ಇದು ಹೊಳೆಯದೆ ಪ್ರಾಜೆಕ್ಟ್ ಕೆಟ್ಟುಹೋಗುವುದು ಬಹಳ ಸಾಮಾನ್ಯ.

ಮೂರನೇದು, ಕಿಣ್ವ ತೆಗೆಯುವುದು. ಫ್ರಿಜ್ಜಿನಲ್ಲಿ ತಣ್ಣಗಾದ ಅಸಿಟೇಟ್ ಬಫರ್ (0.1 ಮೋಲಾರ್, ಪಿಎಚ್ 5) 20 ಮಿ.ಲೀ. ಹಾಕಿ, ಕಾಳನ್ನು ಕಲ್ಲು ಖಲ್ಬತ್ತಿನಲ್ಲಿ ನುಣ್ಣಗೆ ಅರೆಯಿರಿ. ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಐಸಿನ ಮೇಲೆ ಇಡಿ.

ನಾಲ್ಕನೇದು, ಪರೀಕ್ಷೆ. ತಿಳಿ 1 ಮಿ.ಲೀ., ಶೇ. 1ರ ಪಿಷ್ಟ 1 ಮಿ.ಲೀ. ಬೆರೆಸಿ 37 ಡಿಗ್ರಿಯಲ್ಲಿ 10 ನಿಮಿಷ. ಡಿಎನ್‌ಎಸ್‌ಎ 2 ಮಿ.ಲೀ. ಹಾಕಿದರೆ ಕಿಣ್ವದ ಕೆಲಸ ನಿಂತುಹೋಗುತ್ತದೆ. ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತಣ್ಣಗೆ ಮಾಡಿ, ನೀರು ಸೇರಿಸಿ 10 ಮಿ.ಲೀ.ಗೆ ತಂದು, 540ರಲ್ಲಿ ಓದಿ. ಮಾಲ್ಟೋಸಿನ ಸ್ಟ್ಯಾಂಡರ್ಡ್ ಗ್ರಾಫ್ ಅದೇ ದಿನ ಮಾಡಿರಬೇಕು. ಪ್ರತಿ ಸ್ಯಾಂಪಲಿಗೂ ಮೂರು ಟ್ಯೂಬು.

ಐದನೇದನ್ನು ಯಾರೂ ಬಿಡಬಾರದು. ಮೊಳಕೆ ರಾಗಿಯಲ್ಲಿ ಮೊದಲೇ ಸಕ್ಕರೆ ಇದೆ. ಅದೂ ಡಿಎನ್‌ಎಸ್‌ಎ ಜೊತೆ ಬಣ್ಣ ಕೊಡುತ್ತದೆ. ಹಾಗಾದರೆ ಬಂದ ಬಣ್ಣ ಕಿಣ್ವ ಮಾಡಿದ ಸಕ್ಕರೆಯದಾ, ಮೊದಲೇ ಇದ್ದ ಸಕ್ಕರೆಯದಾ? ಇದಕ್ಕೆ ಸೊನ್ನೆ ನಿಮಿಷದ ಟ್ಯೂಬ್ ಬೇಕು. ಅದರಲ್ಲಿ ತಿಳಿಗೆ ಮೊದಲು ಡಿಎನ್‌ಎಸ್‌ಎ ಹಾಕಿ, ಆಮೇಲೆ ಪಿಷ್ಟ ಹಾಕಿ. ಕಿಣ್ವಕ್ಕೆ ಕೆಲಸ ಮಾಡುವ ಅವಕಾಶವೇ ಇಲ್ಲ. ಈ ಟ್ಯೂಬಿನ ರೀಡಿಂಗನ್ನು ಕಳೆಯಿರಿ. ಜೊತೆಗೆ ತಿಳಿಯನ್ನು ಕುದಿಸಿ ಕಿಣ್ವ ಕೊಂದ ಇನ್ನೊಂದು ಟ್ಯೂಬೂ ಇರಲಿ. ವಿಜ್ಞಾನದಲ್ಲಿ ಕಂಟ್ರೋಲ್ ಅಂದರೆ ಏನು ಎಂಬುದು ಹತ್ತು ಪುಟ ಓದಿದರೂ ಬಾರದ್ದು ಈ ಎರಡು ಟ್ಯೂಬಿನಲ್ಲಿ ಬರುತ್ತದೆ.

ಆರನೇದು, ಲೆಕ್ಕ. ತಿಳಿಯನ್ನು ಹತ್ತು ಪಟ್ಟು ಡೈಲ್ಯೂಟ್ ಮಾಡಿದ್ದೀರಿ ಅಂದುಕೊಳ್ಳಿ. ಗ್ರಾಫಿನಿಂದ 0.684 ಮಿ.ಗ್ರಾಂ. ಮಾಲ್ಟೋಸ್ ಬಂತು. ಮಾಲ್ಟೋಸಿನ ಅಣುತೂಕ 342, ಅಂದರೆ 2 ಮೈಕ್ರೋಮೋಲ್. 10 ನಿಮಿಷಕ್ಕೆ 2 ಆದರೆ ನಿಮಿಷಕ್ಕೆ 0.2. ಹತ್ತು ಪಟ್ಟು ಗುಣಿಸಿದರೆ ಮೂಲ ತಿಳಿಯ ಪ್ರತಿ ಮಿ.ಲೀ.ಯಲ್ಲಿ 2 ಯೂನಿಟ್ (ನಿಮಿಷಕ್ಕೆ ಒಂದು ಮೈಕ್ರೋಮೋಲ್ ಅಂದರೆ ಒಂದು ಯೂನಿಟ್). ಲೋರಿ ವಿಧಾನದಿಂದ ಅದೇ ತಿಳಿಯಲ್ಲಿ ಮಿ.ಲೀ.ಗೆ 4 ಮಿ.ಗ್ರಾಂ. ಪ್ರೋಟೀನು ಇದೆ ಎಂದು ಗೊತ್ತಾದರೆ, ಸ್ಪೆಸಿಫಿಕ್ ಆಕ್ಟಿವಿಟಿ, ಅಂದರೆ ಪ್ರೋಟೀನಿನ ಪ್ರತಿ ಮಿ.ಗ್ರಾಂ.ಗೆ ಇರುವ ಚಟುವಟಿಕೆ, 0.5 ಯೂನಿಟ್.

ಇಷ್ಟು ಆದ ಮೇಲೆ ಮುಂದಿನ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಮೊಳಕೆ ಒಣಗಿಸಿ ಹುರಿದರೆ ಎಷ್ಟು ಕಿಣ್ವ ಉಳಿಯುತ್ತದೆ? ಜಿಪಿಯು-28, ಎಂಎಲ್-365 ರಾಗಿ ತಳಿಗಳಲ್ಲಿ ವ್ಯತ್ಯಾಸ ಇದೆಯಾ? ಆಲ್ಫಾ ಅಮೈಲೇಸಿಗೆ ಕ್ಯಾಲ್ಸಿಯಂ ಬೇಕು. ಅದನ್ನು ಹಿಡಿದುಕೊಳ್ಳುವ ಇಡಿಟಿಎ ಹಾಕಿದರೆ ಏನಾಗುತ್ತದೆ? ರೈತರ ಮನೆಯ ಮಕ್ಕಳಿಗೆ ತಳಿಯ ಬೀಜ ತರುವುದು ಕಷ್ಟವೇ ಅಲ್ಲ. ನಮ್ಮ ಸುತ್ತಲಿನ ಆಹಾರವನ್ನು ಹೀಗೆ ನೋಡುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಬಯೋಕೆಮಿಸ್ಟ್ ಕಮಲಾ ಸೋಹೋನಿ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ, ಹೆಣ್ಣುಮಗಳು ಎಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಪಟ್ಟು ಬಿಡದೆ ಸೇರಿ ಅವರು ಅಲ್ಲಿ ಕೆಲಸ ಮಾಡಿದ್ದು ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ. ಆಮೇಲೆ ಕೇಂಬ್ರಿಡ್ಜಿನಲ್ಲಿ ಪಿಎಚ್.ಡಿ. ಮಾಡಿ ಬಂದು ನೀರಾ ಪಾನೀಯದ ಪೋಷಕಾಂಶಗಳನ್ನು ಅಧ್ಯಯನ ಮಾಡಿದರು.

ಮೆಟಬಾಲಿಸಂ ಓದುವ ಬಗೆ

ಗ್ಲೂಕೋಸ್ ಒಡೆದು ಶಕ್ತಿ ತೆಗೆಯುವ ಗ್ಲೈಕಾಲಿಸಿಸ್‌ನ ಹತ್ತು ಹೆಜ್ಜೆ ಉರು ಹೊಡೆಯುವುದು ಅನಿವಾರ್ಯ, ಅದಕ್ಕೆ ಅಡ್ಡದಾರಿ ಇಲ್ಲ. ಆದರೆ ಉರು ಹೊಡೆದದ್ದು ಉಳಿಯಬೇಕಾದರೆ ಪ್ರತಿ ದಾರಿಗೂ ನಾಲ್ಕು ಪ್ರಶ್ನೆ ಹಾಕಿ: ಜೀವಕೋಶದ ಎಲ್ಲಿ ನಡೆಯುತ್ತದೆ, ಎಲ್ಲಿ ತಡೆ-ಬಿಡುಗಡೆ ಇದೆ, ಯಾವ ಅಂಗದಲ್ಲಿ ಬೇರೆ ಥರ ಇದೆ, ಕೆಟ್ಟರೆ ಯಾವ ಕಾಯಿಲೆ.

ಒಂದು ಉದಾಹರಣೆ ಕೊಡುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಪರೀಕ್ಷೆಗೆ ರಕ್ತ ತೆಗೆದು ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಯಾಕೆ? ಕೆಂಪು ರಕ್ತಕಣಕ್ಕೆ ಮೈಟೋಕಾಂಡ್ರಿಯ ಇಲ್ಲ, ಗ್ಲೈಕಾಲಿಸಿಸ್ ಒಂದೇ ಅದರ ಆಸರೆ. ದೇಹದಿಂದ ಆಚೆ ಬಂದ ಮೇಲೂ ಅದು ಟ್ಯೂಬಿನಲ್ಲಿರುವ ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತದೆ. ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಫ್ಲೋರೈಡ್ ಹೋಗಿ ಒಂಬತ್ತನೇ ಹೆಜ್ಜೆಯ ಇನೊಲೇಸ್ ಕಿಣ್ವವನ್ನು ತಡೆಯುತ್ತದೆ. ಆದರೂ ಮೊದಲ ಒಂದೆರಡು ಗಂಟೆ ಗ್ಲೂಕೋಸ್ ಇಳಿಯುವುದು ಪೂರ್ತಿ ನಿಲ್ಲುವುದಿಲ್ಲ. ಯಾಕಿರಬಹುದು? ತಡೆ ಬಿದ್ದಿರುವುದು ಒಂಬತ್ತನೇ ಹೆಜ್ಜೆಗೆ. ಮೊದಲ ಹೆಜ್ಜೆಯ ಹೆಕ್ಸೊಕೈನೇಸ್ ಇನ್ನೂ ಕೆಲಸ ಮಾಡುತ್ತಿದೆ, ಎಟಿಪಿ ಮುಗಿಯುವವರೆಗೂ ಮಾಡುತ್ತದೆ. ಹೀಗೆ ಒಂದು ಟ್ಯೂಬಿನಿಂದ ಎರಡು ಹೆಜ್ಜೆ, ಒಂದು ಕಣ, ಒಂದು ಪರೀಕ್ಷೆ ನೆನಪಿನಲ್ಲಿ ಕೂತುಬಿಡುತ್ತವೆ. ಊರಿನ ಲ್ಯಾಬ್ ಟೆಕ್ನಿಷಿಯನ್ನರ ಜೊತೆ ಒಂದು ಮಧ್ಯಾಹ್ನ ಕಳೆದರೆ ಇಂಥ ಎಷ್ಟೋ ಸಿಗುತ್ತವೆ.

ಯಂತ್ರ ಇಲ್ಲದೆ ಮಾಲಿಕ್ಯುಲರ್ ಬಯಾಲಜಿ

ಇಲ್ಲೇ ಸಣ್ಣ ಕಾಲೇಜಿನ ಮಕ್ಕಳು ಕುಗ್ಗುವುದು. ಡಿಎನ್‌ಎ ತುಂಡುಗಳನ್ನು ಬೇರ್ಪಡಿಸುವ ಜೆಲ್ ಓಡಿಸಿಲ್ಲ, ಪಿಸಿಆರ್ ಮಾಡಿಲ್ಲ ಅಂತ. ಆ ಕೊರತೆ ನಿಜ. ಅದರಲ್ಲಿ ಒಂದಷ್ಟನ್ನು ಬೇಸಿಗೆಯಲ್ಲಿ ಹೊರಗೆ ಹೋಗಿ ತುಂಬಿಕೊಳ್ಳಬೇಕು. ಉಳಿದದ್ದನ್ನು ಕಾಗದ, ಪೆನ್ಸಿಲ್, ಮೊಬೈಲಿನಿಂದ ಮಾಡಬಹುದು.

ಕಾಗದದ ಕೆಲಸ ಮೊದಲು. ಪ್ರತಿ ಅಧ್ಯಾಯವನ್ನೂ ಅದರ ಹಿಂದಿನ ಪ್ರಯೋಗದಿಂದ ಓದಿ. ಡಿಎನ್‌ಎ ನಕಲಾಗುವುದನ್ನು ಓದುವಾಗ ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಮಾಡಿದ್ದನ್ನು ಬರೆಯಿರಿ. ಬ್ಯಾಕ್ಟೀರಿಯಾವನ್ನು ಭಾರದ ಸಾರಜನಕದಲ್ಲಿ ಬೆಳೆಸಿ, ಆಮೇಲೆ ಹಗುರದ್ದಕ್ಕೆ ಹಾಕಿದರು. ಎರಡು ಪೀಳಿಗೆಯ ನಂತರ ಅರ್ಧ ಮಿಶ್ರ (ಒಂದು ಎಳೆ ಭಾರ, ಒಂದು ಎಳೆ ಹಗುರ), ಅರ್ಧ ಹಗುರ. ಮೂರನೇ ಪೀಳಿಗೆಗೆ ಎಷ್ಟು? ಉತ್ತರ ನೋಡದೆ ಹೇಳಿ. ಕಾಲು ಭಾಗ ಮಿಶ್ರ, ಮುಕ್ಕಾಲು ಹಗುರ ಅಂತ ಬಂದರೆ ಅಧ್ಯಾಯ ನಿಮ್ಮದು.

ಪಿಸಿಆರ್‌ಗೂ ಹಾಗೇ. ಒಂದು ತುಂಡು ಡಿಎನ್‌ಎ 30 ಸುತ್ತಿನಲ್ಲಿ ಲೆಕ್ಕದ ಪ್ರಕಾರ ಸುಮಾರು 107 ಕೋಟಿ ಆಗುತ್ತದೆ, ನೀವೇ ಗುಣಿಸಿ ನೋಡಿ. 200 ಅಕ್ಷರದ ಒಂದು ಸೀಕ್ವೆನ್ಸ್ ಬರೆದುಕೊಂಡು ಎರಡು ತುದಿಗೆ 20 ಅಕ್ಷರದ ಪ್ರೈಮರ್ (ನಕಲು ಶುರುವಾಗಲು ಬೇಕಾದ ಚಿಕ್ಕ ಡಿಎನ್‌ಎ ತುಂಡು) ಬರೆಯಿರಿ. ಬಹುತೇಕ ಎಲ್ಲರೂ ಎರಡನೇ ಪ್ರೈಮರನ್ನು ತಿರುಗಿಸಿ ಬರೆಯುವುದನ್ನು ಮರೆಯುತ್ತಾರೆ. ಪ್ರೈಮರ್ ಡಿಎನ್‌ಎಯಿಂದ ಬಿಟ್ಟುಕೊಳ್ಳುವ ಉಷ್ಣತೆ ಅಂದಾಜಿಸಲು ಎ, ಟಿ ಒಂದಕ್ಕೆ 2 ಡಿಗ್ರಿ, ಜಿ, ಸಿ ಒಂದಕ್ಕೆ 4 ಡಿಗ್ರಿ ಎಂದು ಕೂಡಿಸಿ. ಹತ್ತು-ಹತ್ತು ಇದ್ದರೆ 60 ಡಿಗ್ರಿ. ಎರಡು ಪ್ರೈಮರಿನ ಉಷ್ಣತೆ ಹತ್ತಿರ ಹತ್ತಿರ ಇರಬೇಕು.

ಇನ್ನು ಮೊಬೈಲು. ಪ್ರೋಟೀನುಗಳ ಮಾಹಿತಿ ಇರುವ ಯೂನಿಪ್ರಾಟ್ ಎಂಬ ತಾಣ ಉಚಿತ. ಅದರಲ್ಲಿ ಪಿ01308 ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಮನುಷ್ಯರ ಇನ್ಸುಲಿನ್ ಬರುತ್ತದೆ. ಅಲ್ಲಿ 110 ಅಮೈನೋ ಆಸಿಡ್ ಎಂದಿರುತ್ತದೆ. ಆದರೆ ಪಾಠದಲ್ಲಿ ಇನ್ಸುಲಿನ್‌ಗೆ 51 ಎಂದು ಓದಿದ್ದೀರಿ. ಉಳಿದವು ಎಲ್ಲಿ ಹೋದವು? ಕೆಳಗೆ ಜರುಗಿಸಿ ನೋಡಿ: ಮೊದಲ 24 ಸಿಗ್ನಲ್ ಪೆಪ್ಟೈಡ್, ಆಮೇಲೆ 30ರ ಬಿ ಸರಪಳಿ, ನಡುವೆ 31ರ ಸಿ ಪೆಪ್ಟೈಡ್, ಕೊನೆಗೆ 21ರ ಎ ಸರಪಳಿ. ಕೂಡಿಸಿದರೆ 106. ಇನ್ನು ನಾಲ್ಕು ಎಲ್ಲಿ ಎಂದು ನೀವೇ ಹುಡುಕಿ, ಕತ್ತರಿಸುವ ಜಾಗಗಳಲ್ಲಿ ಇವೆ. ಆ ಸೀಕ್ವೆನ್ಸನ್ನು ಎನ್‌ಸಿಬಿಐ ತಾಣದಲ್ಲಿ ಸೀಕ್ವೆನ್ಸ್ ಹೋಲಿಸಲು ಇರುವ ಬ್ಲಾಸ್ಟ್‌ಗೆ ಹಾಕಿ ಹಂದಿ, ಹಸುವಿನ ಇನ್ಸುಲಿನ್ ಜೊತೆ ಹೋಲಿಸಿ. ಈ 51ರಲ್ಲಿ ಹಂದಿಯದರಲ್ಲಿ ಒಂದೇ ವ್ಯತ್ಯಾಸ, ಹಸುವಿನದರಲ್ಲಿ ಮೂರು. ಮನುಷ್ಯರ ಇನ್ಸುಲಿನ್ ಬ್ಯಾಕ್ಟೀರಿಯಾದಲ್ಲಿ ತಯಾರಾಗುವ ಮೊದಲು ಡಯಾಬಿಟಿಸ್ ಇದ್ದವರಿಗೆ ಈ ಪ್ರಾಣಿಗಳ ಇನ್ಸುಲಿನ್ ಯಾಕೆ ನಡೆಯುತ್ತಿತ್ತು ಎಂಬುದು ಪರದೆಯ ಮೇಲೇ ಕಾಣುತ್ತದೆ.

ಈರುಳ್ಳಿಯಿಂದ ಡಿಎನ್‌ಎ ತೆಗೆಯುವ ಪ್ರಯೋಗವನ್ನು ಎಲ್ಲ ಕಡೆ ಮಾಡುತ್ತಾರೆ. ಉಪ್ಪು, ಸೋಪು, ತಣ್ಣನೆ ಆಲ್ಕೋಹಾಲ್. ಬಿಳಿ ನೂಲಿನಂಥದ್ದು ಮೇಲೆ ಬಂದ ಕೂಡಲೇ ಎಲ್ಲರೂ ಫೋಟೋ ತೆಗೆದು ಮುಗಿಸುತ್ತಾರೆ. ನೀವು ಅಲ್ಲಿಗೆ ನಿಲ್ಲಿಸಬೇಡಿ. ಅದು ಶುದ್ಧ ಡಿಎನ್‌ಎ ಅಲ್ಲ, ಆರ್‌ಎನ್‌ಎ, ಪ್ರೋಟೀನು, ಪೆಕ್ಟಿನ್ ಎಲ್ಲ ಸೇರಿರುತ್ತದೆ. ಡೈಫಿನೈಲಮೀನ್ ಹಾಕಿ ನೀಲಿ ಬಣ್ಣ ಬರಿಸಿ 600ರ ಹತ್ತಿರದ ಫಿಲ್ಟರಿನಲ್ಲಿ ಅಳೆಯಿರಿ. ಅದರಲ್ಲಿ ನಿಜವಾಗಿ ಎಷ್ಟು ಡಿಎನ್‌ಎ ಇದೆ ಎಂದು ಆಗ ತಿಳಿಯುತ್ತದೆ.

ಮಲೆನಾಡಿನ ಮಕ್ಕಳಿಗೆ ಇನ್ನೊಂದು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಉಣ್ಣೆ ಹುಳದಿಂದ ಹರಡುವ ಆ ವೈರಸ್ಸಿನಲ್ಲಿ ಇರುವುದು ಆರ್‌ಎನ್‌ಎ. ಹಾಗಾಗಿ ಅದನ್ನು ಪತ್ತೆಹಚ್ಚಲು ಮೊದಲು ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಆಮೇಲೆ ಪಿಸಿಆರ್ ಮಾಡುತ್ತಾರೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅಧ್ಯಾಯವನ್ನು ನಿಮ್ಮೂರಿನ ಕಾಯಿಲೆಯಿಂದಲೇ ಓದಬಹುದು.

ಹೊರಗೆ ಹೋಗುವುದು

ಎರಡನೇ ವರ್ಷದ ಹೊತ್ತಿಗೆ ಬೇಸಿಗೆ ರಜೆಯಲ್ಲಿ ಒಂದು ಸಂಶೋಧನಾ ಲ್ಯಾಬಿಗೆ ಹೋಗಲೇಬೇಕು ಎಂದು ಗುರಿ ಇಟ್ಟುಕೊಳ್ಳಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ಫೆಲೋಶಿಪ್ ಇದೆ. ಬೆಂಗಳೂರಿನಲ್ಲೇ ಇರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತಾಣದಲ್ಲಿ ಅರ್ಜಿ. ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುತ್ತಾರೆ, ಬೇಸಿಗೆ ಬಂದ ಮೇಲೆ ಹುಡುಕಿದರೆ ತಡವಾಗಿರುತ್ತದೆ. ಉಪನ್ಯಾಸಕರೂ ಅರ್ಜಿ ಹಾಕಬಹುದು, ನಿಮ್ಮ ಸರ್‌ಗೂ ಹೇಳಿ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಬಿ.ಎಸ್ಸಿ. ಮಕ್ಕಳಿಗಾಗಿಯೇ ಜೀವಶಾಸ್ತ್ರದ ಬೇಸಿಗೆ ಕಾರ್ಯಕ್ರಮವಿದೆ. ಅದಕ್ಕೆ ಡಿಗ್ರಿಯ ಆರಂಭದಲ್ಲೇ ಅರ್ಜಿ ಹಾಕಬೇಕು, ಹಾಗಾಗಿ ಮೊದಲ ವರ್ಷದಲ್ಲೇ ಪ್ರಕಟಣೆ ನೋಡಿ.

ಅರ್ಜಿಯಲ್ಲಿ "ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಎಂದು ಬರೆಯಬೇಡಿ. ರಾಗಿ ಪ್ರಾಜೆಕ್ಟ್ ಬರೆಯಿರಿ. ಸೊನ್ನೆ ನಿಮಿಷದ ಟ್ಯೂಬ್ ಯಾಕೆ ಇಟ್ಟಿರಿ ಎಂದು ಎರಡು ಸಾಲು ಬರೆಯಿರಿ. ದೊಡ್ಡ ಹೆಸರಿನ ಕಾಲೇಜಿನವರು ಎಷ್ಟೋ ಜನ ಇಂಥ ಎರಡು ಸಾಲು ಬರೆಯಲಾರರು. ಶಿಫಾರಸು ಪತ್ರ ಬರೆಯುವ ಸರ್ ನಿಮ್ಮನ್ನು ಮೊದಲ ವರ್ಷದಿಂದ ಲ್ಯಾಬಿನಲ್ಲಿ ನೋಡಿರುತ್ತಾರೆ, ಅದೂ ನಿಮ್ಮ ಬಲವೇ.

ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ದಿನ ಯಾರು ಬೇಕಾದರೂ ಹೋಗಿ ಲ್ಯಾಬುಗಳನ್ನು ನೋಡಬಹುದು. ಅಲ್ಲಿನ ಬಯೋಕೆಮಿಸ್ಟ್ರಿ ವಿಭಾಗ 1921ರದು. ಕ್ಲಾಸಿನವರೆಲ್ಲ ಸೇರಿ ಹೋಗಿ ಬನ್ನಿ, ನಾಚಿಕೆ ಬಿಟ್ಟು ಅಲ್ಲಿನ ವಿದ್ಯಾರ್ಥಿಗಳನ್ನು ಮಾತಾಡಿಸಿ. ಮೈಸೂರು ಕಡೆಯವರಿಗೆ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹತ್ತಿರ. ಆಹಾರದ ಬಯೋಕೆಮಿಸ್ಟ್ರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೂರನೇ ವರ್ಷ

ಬರೀ ಬಿ.ಎಸ್ಸಿ.ಗೆ ಸಿಗುವ ಕೆಲಸಗಳು ಹೆಚ್ಚಾಗಿ ಗುಣಮಟ್ಟ ಪರೀಕ್ಷೆಯವು: ಔಷಧಿ ಕಂಪನಿ, ಆಹಾರ ಕಂಪನಿ, ಹಾಲಿನ ಡೇರಿ. ಸಂಬಳ ಶುರುವಿನಲ್ಲಿ ಕಡಿಮೆ, ಆದರೆ ಕೈ ಪಳಗಿದವರು ಬೇಗ ಮೇಲೆ ಬರುತ್ತಾರೆ. ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಪ್ರತ್ಯೇಕ ಲ್ಯಾಬ್ ಟೆಕ್ನಾಲಜಿ ಕೋರ್ಸು ಬೇಕು. ಬಯೋಕೆಮಿಸ್ಟ್ರಿ ಡಿಗ್ರಿ ಅದರ ಬದಲಿಗೆ ನಡೆಯುತ್ತದೆ ಎಂದುಕೊಂಡು ಬಂದವರು ಇದನ್ನು ಮೊದಲೇ ತಿಳಿದಿರಬೇಕು.

ಎಂ.ಎಸ್ಸಿ. ಮಾಡುವವರಿಗೆ ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ, ಕುವೆಂಪು, ದಾವಣಗೆರೆ, ತುಮಕೂರು ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ರಾಜ್ಯದ ಹೊರಗೂ ಹೋಗಬಹುದಾದರೆ ಜಾಮ್, ಗ್ಯಾಟ್-ಬಿ, ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆಗಳನ್ನು ಬರೆಯಿರಿ. ಜಾಮ್‌ಗೆ ಅರ್ಜಿ ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಒಂದೇ ಉತ್ತರ ಆರಿಸುವ 30 ಪ್ರಶ್ನೆಗಳಿಗೆ ಮಾತ್ರ ತಪ್ಪಿದರೆ ಅಂಕ ಕಳೆಯುತ್ತಾರೆ. ಸಂಖ್ಯೆ ಬರೆಯುವ 20 ಪ್ರಶ್ನೆಗಳಿಗೆ ಕಳೆಯುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಮೋಲಾರಿಟಿ, ಬಫರ್ ಗಟ್ಟಿ ಮಾಡಿಕೊಂಡವರು ಈ ಭಾಗದಲ್ಲೇ ಮುಂದೆ ಹೋಗುತ್ತಾರೆ. ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಗಣಿತ, ಕೆಮಿಸ್ಟ್ರಿಯೂ ಇರುವುದರಿಂದ ಪಿಯುಸಿ ಪುಸ್ತಕಗಳನ್ನು ಮಾರಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳು ಜಾಮ್ ತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಪಾಠ ಅರ್ಥವಾಗದ ಕಡೆ ಐಐಟಿ ಮುಂತಾದ ಸಂಸ್ಥೆಗಳ ಎನ್‌ಪಿಟೆಲ್ ಪಾಠದ ವಿಡಿಯೋ ನೋಡಿ, ಅದಕ್ಕೂ ದುಡ್ಡಿಲ್ಲ. ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ.

ಮೂರೂ ವರ್ಷದ ರಫ್ ನೋಟ್‌ಬುಕ್ ಜೋಪಾನವಾಗಿಡಿ. ಅಚ್ಚುಕಟ್ಟಾದ ರೆಕಾರ್ಡ್ ಬುಕ್ ಕಾಲೇಜಿಗೆ ಹೋಗುತ್ತದೆ. ದಿನಾಂಕ, ಕೆಟ್ಟ ರೀಡಿಂಗು, ಮತ್ತೆ ಮಾಡಿದ ರೀಡಿಂಗು ಎಲ್ಲ ಇರುವ ರಫ್ ಪುಸ್ತಕ ನಿಮ್ಮದು. ಎಂ.ಎಸ್ಸಿ. ಅಥವಾ ಫೆಲೋಶಿಪ್ ಸಂದರ್ಶನದಲ್ಲಿ ಏನು ಮಾಡಿದ್ದೀರಿ ಎಂದು ಕೇಳಿದಾಗ ಅದನ್ನೇ ಮೇಜಿನ ಮೇಲೆ ಇಟ್ಟು ಮಾತು ಶುರು ಮಾಡಿ.